ಸೋರುವ ಮನೆ, ತೆರೆದ ಮನೆ

ಕನ್ನಡದ ಹಾಡಿಗೆ ಗಿಟಾರು ಬಂದರೆ ಸಂಸ್ಕೃತಿ ಕೆಟ್ಟಿತು ಎಂದು ಕೂಗುವವರ ಜೊತೆ ನಮಗೆ ಕೆಲಸವಿಲ್ಲ. ಹಲಗೆಯ ಸದ್ದು ಬೇಕು, ಹಲಗೆ ಬಾರಿಸುವವನು ಅಂಗಳದಾಚೆ ನಿಲ್ಲಬೇಕು ಎಂದ ಸಂಸ್ಕೃತಿ ಅದು. ಕೆಟ್ಟರೆ ನಮಗೇನು ನಷ್ಟ? ನಮ್ಮ ಪ್ರಶ್ನೆ ಬೇರೆ. ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡದ ಮೊದಲ ಆಲ್ಬಂ 'ಅಂತರಾಗ್ನಿ' 2008ರಲ್ಲಿ ಬಂತಲ್ಲ, ಅದರಲ್ಲಿ ಶಿಶುನಾಳ ಶರೀಫಜ್ಜ ಎರಡು ಹಾಡಾಗಿ ಬರುತ್ತಾನೆ. ಬರುವಾಗ ಯಾರನ್ನು ಹೊರಗೆ ಬಿಟ್ಟು ಬಂದ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೂತು ಕೇಳುವವರು ಇದನ್ನು ಕೇಳದೆ ಇರಲಾಗದು.

ಆಲ್ಬಂ ಸುಲಭವಾಗಿ ಹೊರಬಂದದ್ದಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ಹಾಡುಗಾರ ಮೊದಲು ಕಟ್ಟಿದ ತಂಡದ ಹೆಸರೂ ಅಂತರಾಗ್ನಿಯೇ. ಅದು ಮುರಿದ ಮೇಲೆ 'ಪ್ರಾಜೆಕ್ಟ್' ಬಂತು. ಬೇರೆ ಬೇರೆ ಸಂಗೀತದವರು ಬಂದು ಕೂಡುವ ತೆರೆದ ಮನೆ ಇದು ಎಂದರು. ಸಿನಿಮಾ ಹಾಡು ಬಿಟ್ಟು ಬೇರೇನೂ ಮಾರಲು ಮನಸ್ಸಿಲ್ಲದ ಕಂಪನಿಗಳು ವರ್ಷಗಟ್ಟಲೆ ಒಲ್ಲೆ ಎಂದವು. ಕೊನೆಗೆ ಹಿಂದಿ ಸಿನಿಮಾದ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಅದನ್ನು ಹೊರತಂದಿತು. ಸಿನಿಮಾದಿಂದ ತಪ್ಪಿಸಿಕೊಂಡ ಹಾಡು ಸಿನಿಮಾದವರ ಕೈಯಿಂದಲೇ ಬಿಡುಗಡೆಯಾಗಬೇಕಾಯಿತು ನೋಡಿ! 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಇಂಗ್ಲೆಂಡಿನಲ್ಲೂ ಆಲ್ಬಂ ಮಾರಾಟವಾಯಿತು.

ಈಗ ಹಾಡಿಗೆ ಬರೋಣ. 'ಸೋರುತಿಹುದು ಮನೆಯ ಮಾಳಿಗಿ'. ಶರೀಫಜ್ಜನ (1819–1889) ಶಿಶುವಿನಹಾಳ ಶಿಗ್ಗಾಂವಿ ತಾಲೂಕಿನ ಊರು. ಯಲ್ಲಾಪುರದಿಂದ ಮುಂಡಗೋಡ ದಾಟಿದರೆ ಆ ಸೀಮೆ. ಅಲ್ಲಿ ಮಾಳಿಗೆ ಅಂದರೆ ಮಣ್ಣು ಹಾಸಿದ ಚಪ್ಪಟೆ ಸೂರು. ಮಳೆಗೆ ಮುಂಚೆ ಮಣ್ಣು ಹಾಕಿ ತುಳಿಯದಿದ್ದರೆ ಸೋರುವುದೇ. ಮನೆ ಅಂದರೆ ದೇಹ, ಸೋರುವುದು ಅಜ್ಞಾನದಿಂದ ಎಂದು ಪಂಡಿತರು ಅರ್ಥ ಬಿಡಿಸಿ ಕೈತೊಳೆದುಕೊಂಡರು. ತಪ್ಪು ಅರ್ಥವೇನಲ್ಲ. ಆದರೆ ಸೋರುವ ಸೂರಿನ ಕೆಳಗೆ ರಾತ್ರಿ ಪಾತ್ರೆ ಇಟ್ಟುಕೊಂಡು ಎಚ್ಚರ ಕೂತ ಜನರ ನಡುವೆ ಬದುಕಿದವನಿಗೆ ಮಾತ್ರ ಆ ಮಾತು ಬಾಯಿಗೆ ಬರುತ್ತದೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಇಲ್ಲ. ಅಡಿಕೆ ತೋಟದ ಕೂಲಿಯವರ ಬಿಡಾರಕ್ಕೆ ಇದ್ದದ್ದು ಸೋಗೆ. ನಾಲ್ಕು ತಿಂಗಳ ಮಳೆಗೆ ಸೋಗೆ ಕೊಳೆತರೆ ವೇದಾಂತ ಒಲೆ ಹೊತ್ತಿಸುವುದಿಲ್ಲ.

1990ರ 'ಸಂತ ಶಿಶುನಾಳ ಶರೀಫ' ಸಿನಿಮಾದ ಹೊತ್ತಿಗೆ ಸಿ. ಅಶ್ವಥ್ ಶರೀಫಜ್ಜನನ್ನು ಮನೆಮನೆಗೆ ಮುಟ್ಟಿಸಿದ್ದರು. 'ಅಂತರಾಗ್ನಿ' ಅವನನ್ನು ಕಾಲೇಜು ಹುಡುಗರ ಕೈಗೆ ಕೊಟ್ಟಿತು, ಕನ್ನಡ ಬಾರದವರಿಗೂ ಕೊಟ್ಟಿತು. ಇದು ಸಣ್ಣ ಕೆಲಸವಲ್ಲ. ರಘು ದೀಕ್ಷಿತರದು ದೊಡ್ಡ ಕಂಠ, ಎದೆ ಬಿಚ್ಚಿ ಹಾಡುತ್ತಾರೆ. ಆದರೆ ಮಾಳಿಗೆಯ ಹಾಡಿನಲ್ಲಿ ಆ ದನಿ ಎಲ್ಲೂ ಒದ್ದೆಯಾಗುವುದಿಲ್ಲ. ಸೋರುವ ಮನೆಯನ್ನು ಸೋರದ ಮನೆಯಿಂದ ನೋಡಿದ ಹಾಗೆ. 'ಗುಡುಗುಡಿಯ ಸೇದಿ ನೋಡೊ' ಮಾತ್ರ ಬೇರೆ. ಅಲ್ಲಿ ಅಜ್ಜನ ತುಂಟತನಕ್ಕೂ ಗಿಟಾರಿನ ಪುಂಡತನಕ್ಕೂ ಸರಿಯಾಗಿ ಜೋಡಿಯಾಗಿದೆ.

ಇನ್ನು ತೆರೆದ ಮನೆಯ ಮಾತು. ಬಾಗಿಲು ತೆರೆದಿತ್ತು, ಸರಿ. ಅದು ಯಾವ ಕೇರಿಯ ಕಡೆಗೆ ತೆರೆದಿತ್ತು? ಗಿಟಾರು, ಪಿಟೀಲು ಒಳಗೆ ಬಂದವು. ಯಲ್ಲಾಪುರದ ಕಾಡಂಚಿನ ಸಿದ್ದಿಯರ ಹತ್ತಿರ ಡಮಾಮಿ ಇದೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಬಿಡದೆ ಉಳಿಸಿಕೊಂಡ ತಾಳ. ರಾಕ್ ಸಂಗೀತದ ಬೇರೂ ಅಮೆರಿಕದ ಕಪ್ಪು ಗುಲಾಮರ ಹಾಡಿನಲ್ಲೇ ಇದೆ ಅಂದಮೇಲೆ ಇವರಿಬ್ಬರೂ ದಾಯಾದಿಗಳಾಗಬೇಕಿತ್ತು. ಸರ್ಕಾರವೇ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಕಾಣಲು 2003ರವರೆಗೆ ಕಾದಿತು. ಒಂದು ಆಲ್ಬಮ್ಮಿಗೆ ಕಾಣಲಿಲ್ಲ ಎಂದು ದೂರುವುದು ಅತಿಯಾಯಿತು ಎನ್ನಬಹುದು. ಇರಲಿ, ತೆರೆದ ಮನೆ ಎಂದವರನ್ನೇ ಅಲ್ಲವೇ ನಾವು ಕೇಳುವುದು?

ಪಕ್ಕದ ತಮಿಳುನಾಡಿನಲ್ಲಿ ಇನ್ನೊಂದು ದಾರಿ ಕಂಡಿತು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಚೆನ್ನೈನ ವೇದಿಕೆ ಹತ್ತಿತು. ಉತ್ತರ ಚೆನ್ನೈನ ದಲಿತ ಕೇರಿಗಳ ಗಾನಾ ಹಾಡುಗಾರರು, ಪರೈ ಬಾರಿಸುವವರು, ರ‍್ಯಾಪ್ ಹೇಳುವವರು, ರಾಕ್ ನುಡಿಸುವವರು ಒಟ್ಟಿಗೆ ನಿಂತರು. ಜಾತಿಯಿಲ್ಲದವರು ಎಂಬ ಹೆಸರು ಅಯೋತಿ ದಾಸರ (1845–1914) ಚಿಂತನೆಯಿಂದ ಬಂದದ್ದು. ಒಬ್ಬನ ಹೆಸರು ತಂಡದ ಹೆಸರಾಗಲಿಲ್ಲ. ಮೀಸಲಾತಿಯ ಬಗ್ಗೆ ಹಾಡಿದರು, ದನದ ಮಾಂಸದ ಬಗ್ಗೆ ಹಾಡಿದರು. ಪರೈ ಅಲ್ಲಿ ಅಲಂಕಾರಕ್ಕಲ್ಲ, ಅದರ ಹಿಂದೆ ಗಿಟಾರು ಬರುತ್ತದೆ.

ಹಾಗಂತ ಅವರ ಹಾಡೆಲ್ಲ ಚಿನ್ನವಲ್ಲ. ಕೆಲವು ಕಡೆ ಕರಪತ್ರ ಓದಿದ ಹಾಗೆ ಕೇಳುತ್ತದೆ. ನಮ್ಮ ಬಂಡಾಯದ ಪದ್ಯಗಳಿಗೂ ಇದೇ ರೋಗ ಇತ್ತು. ಅಲ್ಲಿ ನನಗೆ ಕಡಿಮೆ ಅನ್ನಿಸಿದ್ದು ಶರೀಫಜ್ಜನ ಆ ತುಂಟತನ. ಯಲ್ಲಾಪುರದ ಸಿದ್ದಿ ಹುಡುಗರು ಡಮಾಮಿ ಹಾಕಿಕೊಂಡು 'ಗುಡುಗುಡಿ' ಹಾಡಿದರೆ, ಬೇಕಾದರೆ ಪಕ್ಕದಲ್ಲಿ ಗಿಟಾರೂ ಇರಲಿ, ಅದನ್ನೊಮ್ಮೆ ಕೇಳಬೇಕು.