ಭಾಗೀರಥಿಯ ಹಿಸ್ಸಾ

'ಕೆರೆಗೆ ಹಾರ' ಕನ್ನಡದ ಕಥನಗೀತೆಗಳಲ್ಲಿ ಬಹುಶಃ ಅತಿ ಹೆಚ್ಚು ಚರ್ಚೆಯಾದದ್ದು. ತ್ಯಾಗದ ಕತೆಯೆಂದು ಕೆಲವರು ಅದನ್ನು ಹೊಗಳಿದ್ದಾರೆ, ಹೆಣ್ಣಿನ ಬಲಿಯ ಕತೆಯೆಂದು ಕೆಲವರು ಕೆರಳಿದ್ದಾರೆ. ಎರಡೂ ಓದುಗಳ ಕಣ್ಣು ಭಾಗೀರಥಿಯ ಮೇಲೆ ನೆಟ್ಟಿದೆ. ಕೆರೆಯ ಮೇಲೆ ಯಾರೂ ಅಷ್ಟಾಗಿ ಕಣ್ಣು ಹಾಯಿಸಿಲ್ಲ. ಈ ಹಾಡು ಒಂದು ಊರು ತನ್ನ ನೀರಿನ ಬಗ್ಗೆ ತೀರ್ಮಾನ ತೆಗೆದುಕೊಂಡ ಬಗೆಯ ದಾಖಲೆಯೂ ಹೌದು. ಇಂದು ಜಲಸಂರಕ್ಷಣೆಯ ಮಾತು ಬಂದಲ್ಲೆಲ್ಲ 'ಸಹಭಾಗಿತ್ವ' ಎಂಬ ಪದ ಕೇಳಿಬರುತ್ತದೆ. ಆ ಪದವನ್ನು ಈ ಹಾಡಿನ ಎದುರು ಇಟ್ಟು ನೋಡಬೇಕೆನಿಸುತ್ತದೆ.

ಕತೆ ಎಲ್ಲರಿಗೂ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬೀಳುವುದಿಲ್ಲ. ಜೋಯಿಸರನ್ನು ಕರೆಸುತ್ತಾನೆ. ಹೊತ್ತಗೆ ತೆರೆದ ಅವರು ಸೊಸೆಯನ್ನು ಆಹುತಿ ಕೊಡಬೇಕೆನ್ನುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತದೆ, ಆದ್ದರಿಂದ ಕಿರಿಯವಳು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಕೆರೆ ಊರಿನದು, ತೀರ್ಮಾನ ಒಂದು ಮನೆಯದು. ತಜ್ಞನ ಮಾತನ್ನು ಯಾರೂ ಮರುಪ್ರಶ್ನಿಸುವುದಿಲ್ಲ. ಬೆಲೆ ತೆರಬೇಕಾದವರು ಯಾರೆಂಬುದನ್ನು, ಯಾರ ಕೈಯಲ್ಲಿ ಅಧಿಕಾರವಿಲ್ಲ ಎಂಬುದರ ಮೇಲೆ ಗೊತ್ತುಮಾಡಲಾಗುತ್ತದೆ.

ಕೆರೆಗೆ ನೀರು ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಹಾಡಿನೊಳಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮ ನಾಡಿಗೆ ಆ ಪ್ರಶ್ನೆ ಗೊತ್ತಿರಲಿಲ್ಲವೆಂದಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿ ಒಸರುವುದು, ಉಪ್ಪು ಮಣ್ಣು, ನಡುವೆ ನೆಲ ಎದ್ದಿರುವುದು, ಜಾಗ ವಿಶಾಲವಾಗಿದ್ದು ನೀರು ಕಡಿಮೆಯಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಆ ದೋಷಗಳಲ್ಲಿ ಸೇರಿವೆ. ಸೊಸೆಯನ್ನು ಕೊಡದಿರುವುದು ಆ ಪಟ್ಟಿಯಲ್ಲಿಲ್ಲ. ಅಂದರೆ ಜಾಗ ಆರಿಸಿದವರ, ಏರಿ ಕಟ್ಟಿಸಿದವರ ತಪ್ಪಿನ ಲೆಕ್ಕವನ್ನು ಮಲ್ಲನಗೌಡನ ಮನೆ ಭಾಗೀರಥಿಯ ತಲೆಗೆ ಕಟ್ಟಿತು. ಈ ಹಾಡಿನ ನಿಜವಾದ ಕ್ರೌರ್ಯ ಇಲ್ಲಿದೆ.

ಶಾಸನ ಕಟ್ಟಿಸಿದವನ ಮಾತು, ಹಾಡು ನೀರು ಹೊತ್ತವರ ಮಾತು. ಹಾಗಾಗಿಯೇ ಭಾಗೀರಥಿ ಇಳಿದ ಮೇಲೆ ನೀರು ಎಷ್ಟೆಕರೆಗೆ ಹರಿಯಿತೆಂದು ಹಾಡು ಹೇಳುವುದಿಲ್ಲ. ಪಾದದಿಂದ ಮೇಲಕ್ಕೆ ಏರುತ್ತ ಏರುತ್ತ ಅದು ಹೆಣ್ಣಿನ ಮೈಯನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ತುಂಬಿದ ಕೆರೆಯ ಹಿಗ್ಗನ್ನು ಹಾಡುವುದಿಲ್ಲ. ದಂಡಿನಿಂದ ಬಂದ ಮಾದೇವರಾಯ ಹೆಂಡತಿಯನ್ನು ಹುಡುಕಿ, ನಿಜ ತಿಳಿದು, ಅದೇ ಕೆರೆಗೆ ಹಾರುವಲ್ಲಿ ಮುಗಿಯುತ್ತದೆ. ಊರಿನ ಲಾಭವನ್ನು ಹೇಳದೆ ಬಿಟ್ಟದ್ದೇ ಹಾಡು ಕೊಟ್ಟ ತೀರ್ಪು ಎಂದು ನನಗನ್ನಿಸುತ್ತದೆ.

ಉತ್ತರ ಕರ್ನಾಟಕದ ಇದೇ ಜನರ ಬಾಯಲ್ಲಿ ಮೊಹರಂ ರಿವಾಯತುಗಳೂ ಇವೆ. ಹಿಂದೂ ಮುಸ್ಲಿಂ ಎನ್ನದೆ ಹಾಡುತ್ತಾರೆ. ಕರ್ಬಲಾದಲ್ಲಿ ನದಿ ಇದೆ, ನೀರಿದೆ, ಆದರೆ ಕಾವಲಿದೆ. ಬಾಯಾರಿದ ಮಕ್ಕಳಿಗಾಗಿ ಮಶಕ್ ತುಂಬಲು ಹೋದ ಅಬ್ಬಾಸರು ಮರಳಿ ಬರುವುದಿಲ್ಲ. ಒಂದು ಕತೆಯಲ್ಲಿ ನೀರೇ ಇಲ್ಲ, ಇನ್ನೊಂದರಲ್ಲಿ ಇದ್ದ ನೀರು ಸಿಗುವುದಿಲ್ಲ. ವ್ಯತ್ಯಾಸವೆಂದರೆ, ಕರ್ಬಲಾದ ಕತೆಯಲ್ಲಿ ನೀರು ತಡೆದವರಿಗೆ ಹೆಸರಿದೆ, ಅವರ ಮೇಲೆ ಶಾಪವಿದೆ. ಕಲ್ಲನಕೇರಿಯಲ್ಲಿ ಯಾರ ಮೇಲೂ ಶಾಪವಿಲ್ಲ. ಕೊಂದವರು ಮನೆಯವರೇ ಆದಾಗ ಶಪಿಸುವ ನಾಲಿಗೆ ಏಳುವುದಿಲ್ಲವೇನೋ.

ಈಗ ನಮ್ಮ ಕಾಲಕ್ಕೆ ಬರೋಣ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2002ರಲ್ಲಿ ಕರ್ನಾಟಕದಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಶುರುವಾಯಿತು. ಜಲಸಂವರ್ಧನೆ ಯೋಜನಾ ಸಂಘ ಅದನ್ನು ನಡೆಸಿತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು, ಸರ್ಕಾರ, ಸ್ವಯಂಸೇವಾ ಸಂಸ್ಥೆ, ಊರವರು ಸೇರಿ ಹೂಳೆತ್ತುವ, ಏರಿ ಬಲಪಡಿಸುವ ಕೆಲಸ ಮಾಡಿದರು. 2012ರ ಹೊತ್ತಿಗೆ ಯೋಜನೆ ಮುಗಿಯಿತು. ಸರ್ಕಾರ ಒಂಟಿಯಾಗಿ ಕೆರೆ ಉಳಿಸಲಾರದು, ಊರಿಗೂ ಅಧಿಕಾರ ಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆ ತಿಳಿವಳಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರಿರುವುದು 'ಊರು' ಎಂಬ ಮಾತಿನ ಬಗ್ಗೆ.

ಉರ್ದುವಿನಲ್ಲಿ ಪಾಲಿಗೆ 'ಹಿಸ್ಸಾ' ಎನ್ನುತ್ತಾರೆ, ಸಹಭಾಗಿತ್ವಕ್ಕೆ 'ಹಿಸ್ಸೇದಾರಿ'. ನಮ್ಮ ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕದಲ್ಲೇ ಹಿಸ್ಸಾ ನಂಬರು ಕೂತಿದೆ. ನೀರಿನ ಹಿಸ್ಸೇದಾರಿ ಈ ಹಿಸ್ಸಾ ನಂಬರಿಗೆ ಗಂಟುಬಿದ್ದಿದೆ. ಆಂಧ್ರಪ್ರದೇಶ 1997ರಲ್ಲಿ ಮಾಡಿದ ನೀರಾವರಿ ಕಾಯ್ದೆಯಲ್ಲಿ ನೀರು ಬಳಕೆದಾರರ ಸಂಘದ ಮತ ಜಮೀನುಳ್ಳವರಿಗೆ ಮಾತ್ರ ಇತ್ತು. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ನಿರ್ವಹಣೆಯಲ್ಲಿರುವುದು ಸುಮಾರು ಶೇ. 14. ಕೊಡ ಹೊರುವವರು ಬಹುಪಾಲು ಹೆಂಗಸರು, ಪಹಣಿ ಬಹುಪಾಲು ಗಂಡಸರದು. ಗೀತೆಯ ಪ್ರಚಲಿತ ಪಾಠದಲ್ಲಿ, ಅಳುತ್ತ ತವರಿಗೆ ಬಂದ ಭಾಗೀರಥಿ ಅತ್ತೆಮನೆಯವರು ಬೇರೆ ಇಡುತ್ತಾರಂತೆ ಎಂದು ಸುಳ್ಳು ಕಾರಣ ಹೇಳಿದಾಗ, ತಂದೆ ಹೊಲಮನೆ ಕೊಡುವೆನೆನ್ನುತ್ತಾನೆ. ಹೊಲದ ಮಾತು ಅವಳ ಕಿವಿಗೆ ಬೀಳುವುದು ಸಾವು ಗೊತ್ತಾದ ಮೇಲೆ!

ಇತ್ತೀಚಿನ ಯೋಜನೆಗಳು ಈ ಕೊರತೆಯನ್ನು ಕಾಗದದ ಮೇಲೆ ತಿದ್ದಿಕೊಂಡಿವೆ. 2019ರ ಜಲಜೀವನ್ ಮಿಷನ್ನಿನ ಮಾರ್ಗಸೂಚಿ, ಗ್ರಾಮದ ನೀರು ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. 1992ರ ಡಬ್ಲಿನ್ ತತ್ವಗಳಲ್ಲೇ ನೀರಿನ ನಿರ್ವಹಣೆಯಲ್ಲಿ ಹೆಂಗಸರ ಪಾತ್ರ ಕೇಂದ್ರದ್ದೆಂಬ ಮಾತಿತ್ತು. ಕುರ್ಚಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಕುರ್ಚಿಯಲ್ಲಿ ಕೂತವಳ ಕೈಗೆ ಹೊತ್ತಗೆ ಬಂತೆ? ಜೋಯಿಸರ ಜಾಗದಲ್ಲಿ ಈಗ ಎಂಜಿನಿಯರರ ಅಂದಾಜುಪಟ್ಟಿ ಇದೆ. ಅದನ್ನು ಓದಿ, ಇದು ಯಾಕೆ ಹೀಗೆ ಎಂದು ಕೇಳುವ ಧೈರ್ಯವನ್ನೂ ತಿಳಿವನ್ನೂ ಸಭೆ ಅವಳಿಗೆ ಕೊಡದಿದ್ದರೆ ಅವಳ ಸಹಿ ಹಿಂದಿನ ಮೌನದ ಇನ್ನೊಂದು ರೂಪವಾಗುತ್ತದೆ.

ಕೆರೆಯೊಂದರ ಸುತ್ತ ಇರುವವರೆಲ್ಲರ ಹಿತ ಒಂದೇ ಅಲ್ಲ. ತೂಬು ಮುಚ್ಚಿ ನೀರು ನಿಲ್ಲಿಸಿದರೆ ಅಂತರ್ಜಲ ಏರಿ ಬೋರ್‌ವೆಲ್ ಇದ್ದವನಿಗೆ ಅನುಕೂಲ, ಕಾಲುವೆ ನಂಬಿದ ಅಚ್ಚುಕಟ್ಟಿನವನ ಗದ್ದೆ ಒಣಗುತ್ತದೆ. ತೂಬು ಎತ್ತಿದರೆ ಮೀನು ಸಾಕುವವರಿಗೆ, ದನ ಮೇಯಿಸುವವರಿಗೆ, ಬಟ್ಟೆ ಒಗೆಯುವವರಿಗೆ ನೀರು ಬೇಗ ತೀರುತ್ತದೆ. ಇವರೆಲ್ಲರನ್ನು 'ಸಮುದಾಯ' ಎಂಬ ಒಂದೇ ಕಂಬಳಿಯೊಳಗೆ ಹೊದಿಸಿಬಿಟ್ಟರೆ ಜಗಳ ಕಾಣುವುದಿಲ್ಲ, ಗೆಲ್ಲುವವನು ಮಾತ್ರ ಗೆಲ್ಲುತ್ತಲೇ ಇರುತ್ತಾನೆ.

ಹಾಗೆಂದು ಹಳೆಯದೆಲ್ಲ ಚೆಂದವಿತ್ತೆಂದು ಹಾಡಿ ಹೊಗಳುವವರ ಸಾಲಿನಲ್ಲೂ ನಾನಿಲ್ಲ. ಹಳೆಯ ವ್ಯವಸ್ಥೆಯಲ್ಲಿ ನೀರಗಂಟಿಗೆ ಸುಗ್ಗಿಯಲ್ಲಿ ಕಾಳಿನ ಪಾಲಿತ್ತು. ಹೊಲದಿಂದ ಹೊಲಕ್ಕೆ ನೀರು ಬಿಡುವ ನ್ಯಾಯ ಅವನ ಕೈಯಲ್ಲಿತ್ತು. ಆದರೆ ಆ ಕೆಲಸ ಅನೇಕ ಊರುಗಳಲ್ಲಿ ಕೆಳಜಾತಿಯ ಮನೆತನಗಳಿಗೆ ಅಂಟಿಕೊಂಡಿತ್ತು. ನೀರು ಹಂಚುವವನಿಗೆ ಮೇಲಿನವರ ಬಾವಿಯ ನೀರು ಮುಟ್ಟುವ ಹಕ್ಕಿಲ್ಲದಿದ್ದ ಕಾಲವದು. ಅವನಿಗಿದ್ದ ಖಚಿತವಾದ ಪಾಲನ್ನು ನೆನೆಯೋಣ, ಅವನನ್ನು ಕಟ್ಟಿಹಾಕಿದ್ದ ಹಗ್ಗವನ್ನಲ್ಲ.

ನಮ್ಮ ನೀರುಗಳಿಗೆ ಹೆಂಗಸರ ಹೆಸರುಗಳೇನೂ ಕಡಿಮೆಯಿಲ್ಲ. ವಿಜಯಪುರದಲ್ಲಿ ತಾಜ್ ಬಾವಡಿ, ಬೇಗಂ ತಾಲಾಬ್ ಇವೆ. ಚನ್ನಗಿರಿ ಕಡೆಯ ಸೂಳೆಕೆರೆಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರಿದ್ದು, ಅದರ ಹಿಂದೆ ಶಾಂತವ್ವೆಯ ಐತಿಹ್ಯವಿದೆ. ಹೆಸರು ಕೊಡುವುದು ಸುಲಭ, ಪಾಲು ಕೊಡುವುದು ಕಷ್ಟ. ಭಾಗೀರಥಿಗೆ ಸಿಕ್ಕಿದ್ದೂ ಹೆಸರೇ. ಅವಳನ್ನು ತ್ಯಾಗಮಯಿ ಎಂದು ಪಾಠ ಹೇಳುವಾಗೆಲ್ಲ ನಾವು ಮಲ್ಲನಗೌಡನ ತೀರ್ಮಾನಕ್ಕೆ ಇನ್ನೊಮ್ಮೆ ಒಪ್ಪಿಗೆ ಕೊಡುತ್ತಿರುತ್ತೇವೆ.

ಆದ್ದರಿಂದ ಯಾವುದೇ ನೀರಿನ ಒಡಂಬಡಿಕೆಯನ್ನು ಅಳೆಯಲು ಹಾಡೇ ನಮಗೆ ಮೂರು ಪ್ರಶ್ನೆಗಳನ್ನು ಕೊಟ್ಟಿದೆ. ತೀರ್ಮಾನ ಮಾಡಿದವರು ಯಾರು? ಕೆಲಸ ಕೆಟ್ಟರೆ ಬೆಲೆ ತೆರುವವರು ಯಾರು? ಲೆಕ್ಕ ಯಾರಿಗೆ ತೆರೆದಿರುತ್ತದೆ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಾದೇವರಾಯ ಬಂದು ಕೇಳಿದಾಗ ಮನೆಯವರು ಅವಳು ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಅಷ್ಟು ದೊಡ್ಡ ಊರಿನ ಹಿತಕ್ಕೆ ಆದ ಕೆಲಸವಾದರೆ ಸುಳ್ಳು ಹೇಳುವ ಅಗತ್ಯವೇನಿತ್ತು? ನಿಜ ಹೇಳಿದವಳು ಗೆಳತಿಯೊಬ್ಬಳೇ. ಕೆರೆ ಸಂಘದ ಸಭೆಗೆ ಬೇಕಾದ ಮೊದಲ ಸದಸ್ಯೆ ಅವಳು.