ಉಪನಗರದ ಬಾನುಲಿಯಲ್ಲಿ ಸಂಚಾರವಾರ್ತೆ

ವಾರ್ತೆಗೂ ಕಾವ್ಯಕ್ಕೂ ಇರುವ ಅಂತರವನ್ನು ತೋರಿಸುವುದಕ್ಕಾಗಿ ಆಲಂಕಾರಿಕನಾದ ಭಾಮಹನು ಸಾಯಂಕಾಲದ ಕೆಲವು ಸಂಗತಿಗಳನ್ನು ಇದ್ದಂತೆಯೇ ಹೇಳುವ ಮಾತೊಂದನ್ನು ಎತ್ತಿಕೊಂಡು, ಇದು ವಾರ್ತೆಯೇ ಹೊರತು ಕಾವ್ಯವಲ್ಲವೆಂದು ತೀರ್ಪುಕೊಟ್ಟನು. ಅಂದಿನಿಂದ ಮೀಮಾಂಸಕರ ದೃಷ್ಟಿಯೆಲ್ಲ ಕಾವ್ಯದ ಕಡೆಗೇ ಹೋಯಿತು; ವಾರ್ತೆಯಲ್ಲಿಯೂ ಸಜೀವವಾದದ್ದು, ನಿರ್ಜೀವವಾದದ್ದು ಎಂಬ ತರತಮವುಂಟೆಂಬುದನ್ನು ವಿಚಾರಿಸಿದವರು ವಿರಳ. ಸಂಜೆ ಮನೆಗೆ ಮರಳುವವರಿಗಾಗಿಯೇ ಬೆಳೆದ ವಾರ್ತಾಪ್ರಕಾರವೊಂದು ಅಮೆರಿಕದ ಮಹಾನಗರಗಳ ಸುತ್ತಣ ಉಪನಗರಗಳಲ್ಲಿ ಕಳೆದ ಶತಮಾನದಲ್ಲಿ ರೂಢಿಗೆ ಬಂದು, ಈಚೆಗೆ ಬಹುಮಟ್ಟಿಗೆ ಸ್ವರೂಪವನ್ನು ಕಳೆದುಕೊಂಡಿದೆ. ರಸ್ತೆಗಳ ಮೇಲಣ ವಾಹನಗಳ ಗತಿಯನ್ನು ತಿಳಿಸುವ ಇದನ್ನು ಸಂಚಾರವಾರ್ತೆಯೆಂದು ಕರೆಯಬಹುದು. ನ್ಯೂಯಾರ್ಕಿನ ನಿದರ್ಶನದಿಂದ ಇದರ ಗುಣದೋಷಗಳು ಚೆನ್ನಾಗಿ ತಿಳಿಯಬರುತ್ತವೆ.

ಆ ನಗರದಲ್ಲಿ ೧೯೬೫ನೆಯ ಏಪ್ರಿಲ್ ೧೯ರಂದು 'ವಿನ್ಸ್' ಎಂಬ ನಿಲಯವು ಸಂಗೀತವನ್ನು ಬಿಟ್ಟು ಕೇವಲ ವಾರ್ತಾನಿಲಯವಾಯಿತು. ೧೯೬೭ನೆಯ ಆಗಸ್ಟ್ ೨೮ರಂದು ಡಬ್ಲ್ಯು.ಸಿ.ಬಿ.ಎಸ್. ನಿಲಯವೂ ಅದೇ ದಾರಿಯನ್ನು ಹಿಡಿಯಿತು. (ಅದರ ಹಿಂದಿನ ದಿನವೇ ಒಂದು ಸಣ್ಣ ವಿಮಾನವು ನಿಲಯದ ಪ್ರಸಾರಸ್ತಂಭಕ್ಕೆ ಬಡಿದು ಅದನ್ನು ಕೆಡವಿದ್ದರಿಂದ ಹೊಸ ವಾರ್ತಾನಿಲಯದ ಮೊದಲ ಧ್ವನಿಯು ಎಫ್.ಎಂ. ತರಂಗದಲ್ಲಿ ಹೊರಡಬೇಕಾಯಿತು.) ಎರಡೂ ವಾರ್ತಾನಿಲಯಗಳೇ ಆದರೂ ಶ್ರೋತೃವರ್ಗವು ಒಂದೇ ಆಗಿರಲಿಲ್ಲ. ವಿನ್ಸ್ ನಗರದೊಳಗಣ ಐದು ವಿಭಾಗಗಳನ್ನು ಹೆಚ್ಚಾಗಿ ಲಕ್ಷಿಸಿತು. ದೂರಕ್ಕೆ ಹಬ್ಬುವ ಪ್ರಸಾರವುಳ್ಳ ಡಬ್ಲ್ಯು.ಸಿ.ಬಿ.ಎಸ್. ಲಾಂಗ್ ಐಲೆಂಡ್, ವೆಸ್ಟ್‌ಚೆಸ್ಟರ್, ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಗಳಿಂದ ದಿನವೂ ಬಂದು ಹೋಗುವ ಉಪನಗರವಾಸಿಗಳನ್ನು ಲಕ್ಷಿಸಿತು. ಈ ಭೇದವು ಅವುಗಳ ಸಂಚಾರವಾರ್ತೆಯ ಘೋಷವಾಕ್ಯಗಳಲ್ಲಿಯೇ ಕಾಣುತ್ತದೆ. ಡಬ್ಲ್ಯು.ಸಿ.ಬಿ.ಎಸ್. ತನ್ನ ವಾರ್ತೆಯಲ್ಲಿ ಸಂಚಾರವನ್ನು ಹವಾಮಾನದೊಡನೆ ಜೋಡಿಸಿತು. ವಿನ್ಸ್ ಅದನ್ನು ರೈಲು, ಬಸ್ಸುಗಳ ಸಮಾಚಾರದೊಡನೆ ಜೋಡಿಸಿತು. ಒಂದು ತನ್ನ ಕಾರಿನಲ್ಲಿ ಮಳೆಗೂ ಮಂಜಿಗೂ ಎದುರಾಗಿ ಹೋಗುವವನ ಕಿವಿಗೆಂದು, ಮತ್ತೊಂದು ಸುರಂಗದ ರೈಲನ್ನೇರುವವನ ಕಿವಿಗೆಂದು ಹೇಳಿದ ಮಾತು.

ಡಬ್ಲ್ಯು.ಸಿ.ಬಿ.ಎಸ್.ನ ಸಂಚಾರವಾರ್ತೆಯು ಹತ್ತು ಹತ್ತು ನಿಮಿಷಗಳಿಗೊಮ್ಮೆ, ಗಂಟೆಯ ಎಂಟು, ಹದಿನೆಂಟು, ಇಪ್ಪತ್ತೆಂಟು ಮುಂತಾದ ನಿಮಿಷಗಳಲ್ಲಿ ತಪ್ಪದೆ ಬರುತ್ತಿದ್ದಿತು. ಕೀರ್ತನೆಗೆ ಪಲ್ಲವಿ ಹೇಗೋ ಹಾಗೆ ದಿನದ ವಾರ್ತಾಪ್ರವಾಹಕ್ಕೆ ಇದು ಮರಳಿ ಮರಳಿ ಬರುವ ನೆಲೆ. ಕಾಲ ಅತ್ಯಲ್ಪ, ಹೇಳತಕ್ಕ ಸೇತುವೆ, ಸುರಂಗ, ಹೆದ್ದಾರಿಗಳು ಅನೇಕ. ಆದ್ದರಿಂದ ಕ್ರಿಯಾಪದವು ಲೋಪವಾಗುತ್ತದೆ, ಸ್ಥಳನಾಮವು ತಾನೇ ವಾಕ್ಯದ ಭಾರವನ್ನು ಹೊರುತ್ತದೆ. ಜಾರ್ಜ್ ವಾಷಿಂಗ್ಟನ್ ಸೇತುವೆಯೆಂದರೆ ಸಾಲದು, ಮೇಲಣ ಅಂತಸ್ತೋ ಕೆಳಗಣದೋ, ಒಳಬರುವ ದಿಕ್ಕೋ ಹೊರಹೋಗುವುದೋ ಎಂಬುದು ಎರಡೇ ಪದಗಳಲ್ಲಿ ತಿಳಿಯಬೇಕು. ಊರನ್ನು ಅರಿಯದವನಿಗೆ ಇದು ಬರಿಯ ಹೆಸರುಗಳ ಪಟ್ಟಿ. ಅರಿತವನಿಗೆ ಒಂದೊಂದು ಹೆಸರೂ ಕಣ್ಣಮುಂದೆ ಕಟ್ಟುವ ಚಿತ್ರ. ನಮ್ಮ ಲಾಕ್ಷಣಿಕರು ಸ್ವಭಾವೋಕ್ತಿಯಲ್ಲಿ ಬಯಸಿದ ಗುಣವೂ ಇದೇ: ವಸ್ತುವು ಇದ್ದಂತೆ ಕಾಣಬೇಕು, ಹೇಳುವವನು ಅದನ್ನು ಕಂಡಿರಬೇಕು.

ಕಂಡಿರಬೇಕೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಹೆಲಿಕಾಪ್ಟರಿನಲ್ಲಿ ಕುಳಿತು ರಸ್ತೆಗಳನ್ನು ನೋಡುತ್ತ ನೋಡುತ್ತಲೇ ಹೇಳುವುದು ಈ ಪ್ರಕಾರದ ಪರಮಾವಧಿ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಷಿಕಾಗೋವಿನ ಪೊಲೀಸ್ ಅಧಿಕಾರಿ ಲಿಯೊನಾರ್ಡ್ ಬಾಲ್ಡಿಯು ೧೯೬೦ರಲ್ಲಿ ಇದೇ ಕಾರ್ಯದಲ್ಲಿ ಮಡಿದನು. ನ್ಯೂಯಾರ್ಕಿನ ಡಬ್ಲ್ಯು.ಎನ್.ಬಿ.ಸಿ. ನಿಲಯದ ಜೇನ್ ಡಾರ್ನಾಕರ್ ೧೯೮೬ನೆಯ ಅಕ್ಟೋಬರ್ ೨೨ರಂದು ವರದಿಯನ್ನು ಹೇಳುತ್ತಿರುವಾಗಲೇ ಹೆಲಿಕಾಪ್ಟರು ಹಡ್ಸನ್ ನದಿಗೆ ಬಿದ್ದು ಮೃತಳಾದಳು. ಅದೇ ವರ್ಷ ಹಿಂದೊಮ್ಮೆ ಇಂತಹ ಅಪಘಾತದಿಂದ ಆಕೆ ಪಾರಾಗಿದ್ದಳು.

ಪ್ರತ್ಯಕ್ಷದರ್ಶನದ ಮಹತ್ತ್ವವು ಪೂರ್ಣವಾಗಿ ಪ್ರಕಟವಾದದ್ದು ೨೦೦೧ನೆಯ ಸೆಪ್ಟೆಂಬರ್ ೧೧ರಂದು. ವಿಶ್ವವಾಣಿಜ್ಯಕೇಂದ್ರದ ಉತ್ತರಗೋಪುರಕ್ಕೆ ವಿಮಾನವು ಬಡಿದದ್ದು ಬೆಳಿಗ್ಗೆ ೮ ಗಂಟೆ ೪೬ ನಿಮಿಷಕ್ಕೆ. ಡಬ್ಲ್ಯು.ಸಿ.ಬಿ.ಎಸ್.ನಲ್ಲಿ ಸಂಚಾರವಾರ್ತೆಯ ಸರದಿಯು ೪೮ನೆಯ ನಿಮಿಷಕ್ಕೆ ಬಂದಿತು. ಹೆಲಿಕಾಪ್ಟರಿನಲ್ಲಿದ್ದ ಟಾಮ್ ಕಾಮಿನ್ಸ್ಕಿಯು ರಸ್ತೆಗಳ ವಿಷಯವನ್ನು ಬಿಟ್ಟು, ಗೋಪುರವೊಂದರಿಂದ ಜ್ವಾಲೆಯೂ ಬಹಳ ಹೊಗೆಯೂ ಏಳುತ್ತಿರುವುದನ್ನೂ, ಅದು ಗೋಪುರದ ಎತ್ತರದಲ್ಲಿ ಸುಮಾರು ಮುಕ್ಕಾಲು ಭಾಗದ ಮೇಲೆ ಇರುವುದನ್ನೂ, ಏನಾಗಿದ್ದರೂ ಈಗ ಕೆಲವೇ ನಿಮಿಷಗಳಲ್ಲಿ ಆದದ್ದೆಂಬುದನ್ನೂ ತಿಳಿಸಿದನು. ಕಾರಣವನ್ನು ಊಹಿಸಲಿಲ್ಲ; ಅದನ್ನು ತಿಳಿಯಲು ಯತ್ನಿಸುತ್ತಿರುವುದಾಗಿ ಮಾತ್ರ ಹೇಳಿದನು. ಕಂಡದ್ದಕ್ಕಿಂತ ಒಂದು ಪದವೂ ಹೆಚ್ಚಿಲ್ಲ. ದಿನದಿನವೂ ಸೇತುವೆಗಳ ಮೇಲಣ ಸಾಲುಗಳನ್ನು ಅಳೆದು ಹೇಳಿದ ಅಭ್ಯಾಸವೇ ಆ ಘಳಿಗೆಯಲ್ಲಿ ಆ ನಾಲಗೆಯನ್ನು ಹಿಡಿತದಲ್ಲಿಟ್ಟಿತೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಅಷ್ಟು ಹೊತ್ತಿಗೆ ಬೇರೆ ನಿಲಯಗಳಲ್ಲಿ ಈ ಪ್ರಕಾರವು ಇನ್ನೊಂದು ಹಾದಿಯನ್ನು ಹಿಡಿದಿದ್ದಿತು. ೧೯೭೬ರಲ್ಲಿ ಷ್ಯಾಡೋ ಟ್ರಾಫಿಕ್, ೧೯೭೮ರಲ್ಲಿ ಮೆಟ್ರೋ ಟ್ರಾಫಿಕ್ ಎಂಬ ಸಂಸ್ಥೆಗಳು ಹುಟ್ಟಿ, ಸಂಚಾರವಾರ್ತೆಯನ್ನು ತಾವೇ ಸಿದ್ಧಪಡಿಸಿ ನಿಲಯಗಳಿಗೆ ಒದಗಿಸತೊಡಗಿದವು. ಮೆಟ್ರೋ ಸಂಸ್ಥೆಯು ಹಣಕ್ಕೆ ಬದಲಾಗಿ ಕೆಲವು ಕ್ಷಣಗಳ ಜಾಹೀರಾತಿನ ಕಾಲವನ್ನು ಪಡೆಯುತ್ತಿದ್ದಿತು. ೧೯೮೧ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಮನರಂಜನೆಯಲ್ಲದ ಕಾರ್ಯಕ್ರಮಗಳು ಇಷ್ಟಿರಬೇಕೆಂಬ ಪ್ರಮಾಣಸೂತ್ರವನ್ನು ಕೈಬಿಟ್ಟಿತು. ೧೯೯೬ರ ಶಾಸನವು ಒಬ್ಬನೇ ಒಡೆಯನು ಎಷ್ಟು ನಿಲಯಗಳನ್ನಾದರೂ ಹೊಂದಬಹುದೆಂಬಂತೆ ದೇಶದ ಮಿತಿಯನ್ನು ತೆಗೆಯಿತು. ೨೦೧೧ರಲ್ಲಿ ಮೆಟ್ರೋ ಸಂಸ್ಥೆಯು, ತಾನೇ ನೂರಾರು ನಿಲಯಗಳ ಒಡೆಯನಾಗಿದ್ದ ಕ್ಲಿಯರ್ ಚಾನೆಲ್‌ನ ವಶವಾಯಿತು.

ಇದನ್ನು ಕೇವಲ ಲೋಭವೆಂದು ಹಳಿಯುವುದು ನ್ಯಾಯವಲ್ಲ. ಲಾಂಗ್ ಐಲೆಂಡಿನ ಹೆಂಪ್‌ಸ್ಟೆಡ್‌ನಂತಹ ಊರಿನ ಚಿಕ್ಕ ನಿಲಯವು ಸ್ವಂತ ಹೆಲಿಕಾಪ್ಟರನ್ನು ಸಾಕುವುದು ಸುಲಭವಲ್ಲ. ಹೊರಗಿನಿಂದ ಬಿಡಿಗಾಸಿಲ್ಲದೆ ಬರುವ ವರದಿಯು ಅದಕ್ಕೆ ವರವೇ ಸರಿ. ದೋಷವಿರುವುದು ಉಕ್ತಿಯಲ್ಲಿ. ಒಬ್ಬನೇ ವರದಿಗಾರನು ಒಂದು ಕೊಠಡಿಯಲ್ಲಿ ಕುಳಿತು ಒಂದು ನಿಲಯಕ್ಕೆ ಒಂದು ಹೆಸರಿನಿಂದ, ಮತ್ತೊಂದಕ್ಕೆ ಬೇರೊಂದು ಹೆಸರಿನಿಂದ ಮಾತನಾಡುವ ಪದ್ಧತಿ ಬಂದಿತು. ಹೆಸರು ಸುಳ್ಳಾದ ಮೇಲೆ "ಇಲ್ಲಿ" ಎಂಬ ಪದವೂ ಸುಳ್ಳಾಗುತ್ತದೆ. ಪದಗಳು ಅವೇ, ಲಯವೂ ಅದೇ. ನೋಡುವ ಕಣ್ಣು ಮಾತ್ರ ಇಲ್ಲ.

ಇನ್ನು ೨೦೦೮ರಲ್ಲಿ ಇಸ್ರೇಲಿನಲ್ಲಿ ಆರಂಭವಾಗಿ ೨೦೧೩ರಲ್ಲಿ ಗೂಗಲಿನ ವಶಕ್ಕೆ ಬಂದ ವೇಜ್ ಮುಂತಾದ ಕೈಫೋನಿನ ಸಾಧನಗಳಿಂದ ಸಂಚಾರವಾರ್ತೆಯ ಪ್ರಯೋಜನವೇ ತೀರಿತೆಂಬ ವಾದವುಂಟು. ಒಬ್ಬ ಚಾಲಕನಿಗೆ ಅವನ ದಾರಿಯನ್ನು ತಿಳಿಸುವುದರಲ್ಲಿ ಅವು ಬಾನುಲಿಯನ್ನು ಮೀರಿಸಿವೆಯೆಂಬುದು ನಿಜ. ಆದರೆ ನಕ್ಷೆಯ ಕೆಂಪುಗೆರೆಯು ದಟ್ಟಣೆಯಿದೆಯೆಂದು ಹೇಳುತ್ತದೆ. ಗೋಪುರದಿಂದ ಹೊಗೆ ಏಳುತ್ತಿದೆಯೆಂದು ಹೇಳಲಾರದು. ಅಲ್ಲದೆ ಅದು ಒಬ್ಬೊಬ್ಬನಿಗೆ ಬೇರೆ ಬೇರೆಯಾಗಿ ಹೇಳುತ್ತದೆ; ಬಾನುಲಿಯಾದರೋ ಒಂದೇ ಮಾತನ್ನು ಒಂದೇ ಕ್ಷಣದಲ್ಲಿ ಎಲ್ಲರಿಗೂ ಹೇಳುತ್ತದೆ.

ಸಂಚಾರದ ಸಂಗತಿಯು ವಾರ್ತೆಯೇ ಅಲ್ಲವೇ ಎಂಬ ಪ್ರಶ್ನೆಗೆ ಭಾರತದಲ್ಲಿ ಸರ್ಕಾರವೇ ಉತ್ತರವನ್ನು ಕೊಟ್ಟಿರುವುದು ಇಲ್ಲಿ ಪ್ರಾಸಂಗಿಕವಾಗಿ ನೆನಪಿಗೆ ಬರುತ್ತದೆ. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು ೨೦೦೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, ೨೦೧೧ರ ಎಫ್.ಎಂ. ನೀತಿಯು ಇಂತಹ ನಿಲಯಗಳು ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಮರುಪ್ರಸಾರಮಾಡಬಹುದೆಂದು ಹೇಳಿ, ಸಂಚಾರ, ಹವಾಮಾನಗಳ ಮಾಹಿತಿಯನ್ನು ವಾರ್ತೆಯ ಹೊರಗಿಟ್ಟಿತು. ಆ ಎಣಿಕೆಯಂತೆ ರಸ್ತೆ ಮುಚ್ಚಿದೆಯೆಂಬುದು ವಾರ್ತೆಯಲ್ಲ. ಏತಕ್ಕೆ ಮುಚ್ಚಿದೆಯೆಂದು ಬಾಯಿ ತೆರೆದರೆ ಅದು ವಾರ್ತೆಯಾಗಿಬಿಡಬಹುದು. ಭಾಮಹನು ಎಳೆದ ಗೆರೆ ಇದಕ್ಕಿಂತ ಸ್ಪಷ್ಟವಾಗಿದ್ದಿತು.

ನ್ಯೂಯಾರ್ಕಿನ ಎರಡು ವಾರ್ತಾನಿಲಯಗಳೂ ೧೯೯೫ರಿಂದ ಒಂದೇ ಒಡೆತನದಲ್ಲಿದ್ದವು. ೨೦೨೪ನೆಯ ಆಗಸ್ಟ್ ೨೬ರಂದು ೮೮೦ರ ವಾರ್ತೆಯು ನಿಂತು, ಆ ತರಂಗವು ಕ್ರೀಡಾಪ್ರಸಾರಕ್ಕೆ ಸಂದಿತು. ವಾರ್ತೆಯ ಪಾಲು ವಿನ್ಸ್ ಒಂದಕ್ಕೇ ಉಳಿಯಿತು. ಅಲ್ಲಿ ಸಂಚಾರವಾರ್ತೆಯ ಸರದಿ ಬರುವುದು ಎಂಟನೆಯ ನಿಮಿಷಕ್ಕಲ್ಲ. ಒಂದು, ಹನ್ನೊಂದು, ಇಪ್ಪತ್ತೊಂದು ಎಂಬ ಎಣಿಕೆಗೆ. ಅರ್ಧಶತಮಾನ ಉಪನಗರಕ್ಕಾಗಿ ಮಾತನಾಡಿದ ಧ್ವನಿಯನ್ನು ಕಳೆದುಕೊಂಡ ಲಾಂಗ್ ಐಲೆಂಡಿನ ಚಾಲಕನು ಈಗ ನಗರದೊಳಗಣ ರೈಲು ಬಸ್ಸುಗಳ ಸಮಾಚಾರದ ನಡುವೆ ತನ್ನ ಹೆದ್ದಾರಿಯ ಹೆಸರಿಗಾಗಿ ಕಾಯಬೇಕಾಗಿದೆ.