ಕಾಸ್ಟೋಲ್ಡಿಯ ಎಡರೆಕ್ಕೆ

ಇಟಲಿಯ ವಿಮಾನಗಳ ಮಾತು ಬಂದರೆ ತೀರ್ಪು ಸಿದ್ಧವಾಗಿಯೇ ಇರುತ್ತದೆ: ನೋಡಲು ಬಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಬ್ರಿಟನ್ನಿನ ಸ್ಪಿಟ್‌ಫೈರ್‌ನ ಅಂದವನ್ನು ಗುಣವೆಂದು ಎಣಿಸುವವರೇ ಇಟಲಿಯ ಮಾಕ್ಕಿ ವಿಮಾನಗಳ ಸರದಿ ಬಂದಾಗ, ಅಂದವಾಗಿದ್ದದ್ದೇ ಅವುಗಳ ಸೋಲಿಗೆ ಕಾರಣವೇನೋ ಎಂಬಂತೆ ತುಟಿ ಕೊಂಕಿಸುತ್ತಾರೆ. ಈ ಇಬ್ಬಗೆಯ ಅಳತೆಗೋಲನ್ನು ಉಳಿದವರು ಒಪ್ಪಿದರೂ ಮಂಗಳೂರಿನವರು ಒಪ್ಪಬಾರದು.

ಅದಕ್ಕೆ ಕಾರಣ ಬಾವುಟಗುಡ್ಡೆಯಲ್ಲೇ ಇದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ 1899ರಿಂದ ಸುಮಾರು ಎರಡು ವರ್ಷ ಕುಂಚ ಹಿಡಿದ ಬ್ರದರ್ ಆಂಟೋನಿಯೋ ಮೊಸ್ಕೇನಿ ಬೆರ್ಗಮೋ ಪಕ್ಕದ ಸ್ತೆಝಾನೋ ಊರಿನವರು, ಅಂದರೆ ಲೊಂಬಾರ್ಡಿಯವರು. ಹಸಿಗಾರೆ ಒಣಗುವ ಮುನ್ನ ಬಣ್ಣ ಒಳಗಿಳಿಯಬೇಕು. ಕೈ ತಡವಾದರೆ ಚಿತ್ರವೇ ಇಲ್ಲ. ಕುಶಲತೆ ಎಲ್ಲಿ ಮುಗಿಯಿತು, ಅಂದ ಎಲ್ಲಿ ಶುರುವಾಯಿತು ಎಂದು ಅಲ್ಲಿ ಗೆರೆ ಎಳೆಯಲಾಗದು. ಅದೇ ಲೊಂಬಾರ್ಡಿಯ ವರೇಸೆಯಲ್ಲಿ ಮಾಕ್ಕಿ, ಸೆಸ್ತೋ ಕಾಲೆಂದೆಯಲ್ಲಿ ಸವೋಯ-ಮಾರ್ಕೆತ್ತಿ, ಮಿಲಾನಿನಲ್ಲಿ ಕಪ್ರೋನಿ ವಿಮಾನ ಕಂಪನಿಗಳು ಬೆಳೆದವು. ಉಳಿದ ಹೆಸರುಗಳು ಇಲ್ಲಿ ಬದಿಗಿರಲಿ. ಈ ಪರಂಪರೆಯ ಕೀರ್ತಿಯನ್ನು ಒಬ್ಬನೇ ಹೊರಬಲ್ಲ: ಮಾಕ್ಕಿಯ ವಿನ್ಯಾಸಕ ಮಾರಿಯೋ ಕಾಸ್ಟೋಲ್ಡಿ.

1926ರಲ್ಲಿ ಅಮೆರಿಕದ ನೆಲದಲ್ಲೇ ಸಮುದ್ರವಿಮಾನಗಳ ವೇಗಸ್ಪರ್ಧೆಯಾದ ಷ್ನೈಡರ್ ಟ್ರೋಫಿಯನ್ನು ಗೆದ್ದ ಎಂ.39 ಕಾಸ್ಟೋಲ್ಡಿಯದು. ಆದರೆ ಆತನನ್ನು ಅಳೆಯಬೇಕಾದದ್ದು ಎಂ.ಸಿ.72ರಿಂದ. ಎರಡು ಎಂಜಿನ್ನುಗಳನ್ನು ಹಿಂದೆಮುಂದೆ ಜೋಡಿಸಿದ ಫಿಯಟ್ ಎ.ಎಸ್.6, ಒಟ್ಟು 24 ಸಿಲಿಂಡರ್. ಅಷ್ಟು ಶಕ್ತಿ ಒಂದೇ ಪ್ರೊಪೆಲ್ಲರನ್ನು ತಿರುಗಿಸಿದ್ದರೆ ಅದರ ತಿರುಚುಬಲಕ್ಕೆ ಒಂದು ಬದಿಯ ತೇಲುಗಾಲು ನೀರಿನೊಳಗೆ ಹೂತುಬಿಡುತ್ತಿತ್ತು. ಹಾಗಾಗಿ ಎರಡು ಪ್ರೊಪೆಲ್ಲರ್, ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಎಂಜಿನ್ನನ್ನು ತಣಿಸುವ ರೇಡಿಯೇಟರ್ ಗಾಳಿಗೆ ಅಡ್ಡ ನಿಂತರೆ ವೇಗ ಹೋಗುತ್ತದೆ. ಅದಕ್ಕೆ ರೆಕ್ಕೆಯ ಮೈಯೇ ರೇಡಿಯೇಟರ್ ಆಯಿತು. ಜನ ಬೆರಗಾಗುವ ಆ ನುಣುಪು ಮೈ ಅಲಂಕಾರಕ್ಕೆಂದು ಬಂದದ್ದಲ್ಲ. ಎಂಜಿನ್ನಿನ ತೊಡಕುಗಳಿಂದ, ಪೈಲಟ್‌ಗಳ ಸಾವಿನಿಂದ 1931ರ ಸ್ಪರ್ಧೆ ತಪ್ಪಿತು. ಬ್ರಿಟನ್ ಎದುರಾಳಿಯೇ ಇಲ್ಲದೆ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಕೆಲಸ ನಿಲ್ಲಲಿಲ್ಲ. 1934ರ ಅಕ್ಟೋಬರ್ 23ರಂದು ಗಾರ್ಡಾ ಸರೋವರದ ಮೇಲೆ ಫ್ರಾನ್ಚೆಸ್ಕೋ ಅಜೆಲ್ಲೋ ಗಂಟೆಗೆ 709 ಕಿ.ಮೀ. ವೇಗ ಮುಟ್ಟಿದ. ಪಿಸ್ಟನ್ ಎಂಜಿನ್ನಿನ ಸಮುದ್ರವಿಮಾನಗಳಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಕೆಲಸಕ್ಕೆ ಅಷ್ಟಕ್ಕಷ್ಟೆ ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಯುದ್ಧಕಾಲದ ಮಾಕ್ಕಿಗಳ ಮೇಲಿನ ದೂರು ಬೇರೆ: ಶಕ್ತಿ ಸಾಲದು, ಬಂದೂಕು ಸಾಲದು. ಎರಡೂ ನಿಜ. ಎಂ.ಸಿ.200ಕ್ಕೆ ಸಿಕ್ಕಿದ್ದು 870 ಅಶ್ವಶಕ್ತಿಯ ಫಿಯಟ್ ಎಂಜಿನ್. ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 1940ರಲ್ಲಿ ಅದೇ ರೆಕ್ಕೆ, ಅದೇ ಬಾಲ ಇಟ್ಟುಕೊಂಡು, ಜರ್ಮನಿಯ ಡೈಮ್ಲರ್-ಬೆನ್ಜ್ ಎಂಜಿನ್ನಿಗೆ ಒಪ್ಪುವ ಹೊಸ ಮೈ ಕಟ್ಟಿದಾಗ ಎಂ.ಸಿ.202 ಸುಮಾರು 600 ಕಿ.ಮೀ. ತಲುಪಿತು. ಹಳೆಯ ರೆಕ್ಕೆಯೇ ಇನ್ನೂ ನೂರು ಕಿ.ಮೀ. ತಾಳಿತು ಎಂದರೆ ಕೊರತೆ ಇದ್ದದ್ದು ಎಂಜಿನ್ನಿನಲ್ಲಿ, ವಿನ್ಯಾಸದಲ್ಲಲ್ಲ. ಈ ವಿಮಾನದ ಎಡರೆಕ್ಕೆ ಬಲರೆಕ್ಕೆಗಿಂತ ಸುಮಾರು 20 ಸೆಂ.ಮೀ. ಉದ್ದ. ಪ್ರೊಪೆಲ್ಲರ್ ಎಡಕ್ಕೆ ವಾಲಿಸುವ ಬಲವನ್ನು ಆ ಹೆಚ್ಚುವರಿ ಅಳತೆ ಸರಿದೂಗಿಸುತ್ತದೆ. ಸಮತೆಯನ್ನೇ ಅಂದವೆಂದು ನಂಬಿದವನ ಕೈಯಿಂದ ಇಂಥ ರೆಕ್ಕೆ ಹುಟ್ಟುತ್ತಿರಲಿಲ್ಲ. ಆದರೂ ಆ ವ್ಯತ್ಯಾಸ ಕಣ್ಣಿಗೆ ಕುಂದಾಗಿ ಕಾಣುವುದಿಲ್ಲ.

ಈ ವಿಮಾನಗಳಿಗೆ ಹಣ ಹರಿದದ್ದು ಮುಸೊಲಿನಿಯ ಆಳ್ವಿಕೆಯಲ್ಲಿ. ಕಪ್ರೋನಿ ವಿಮಾನಗಳು ಇಥಿಯೋಪಿಯಾದ ಮೇಲೆ ಬಾಂಬು ಸುರಿಸಿದವು. ಆ ರಕ್ತದ ಕಲೆಯನ್ನು ಯಾವ ಅಂದವೂ ತೊಳೆಯಲಾರದು. ಈ ಶೈಲಿಯನ್ನು ದೂರುವವರು ಇದನ್ನು ಎತ್ತಿ ಆಡಿದ್ದರೆ ತಲೆಬಾಗಬೇಕಿತ್ತು. ಅವರು ಆಡುವುದು ಚೆಂದವೇ ದೌರ್ಬಲ್ಯವೆಂಬ ಮಾತನ್ನು.

ಆ ಮಾತಿಗೆ ಕರ್ನಾಟಕವೂ ಬಲಿಯಾಗಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡ ಯುದ್ಧವಿಮಾನ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಕೈಯಲ್ಲಿ ಮೊದಲು ಹಾರಿತು. ಶಬ್ದದ ವೇಗದ ಬಳಿ ಗಾಳಿಯ ತಡೆ ತಗ್ಗಲೆಂದು ನಡು ಸಣ್ಣದಾಗಿಸಿದ ಮೈ, ಹಿಂದಕ್ಕೆ ಬಾಗಿದ ರೆಕ್ಕೆ. ನೆಚ್ಚಿದ್ದ ಬಲವಾದ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ 703ಗಳನ್ನು ನೆಚ್ಚಿಯೇ ಅದು 1971ರ ಯುದ್ಧ ಕಂಡಿತು. ತೀರ್ಪು ಮಾತ್ರ ಅದೇ: ಚೆಂದ, ಆದರೆ ಸೋತದ್ದು. ಎಂಜಿನ್ ಕೊಡದ ಒಪ್ಪಂದಗಳ ತಪ್ಪನ್ನು ಮೈಕಟ್ಟಿನ ತಲೆಗೆ ಕಟ್ಟುವುದು ವಿಮರ್ಶೆಯಲ್ಲ, ಸೋಮಾರಿತನ.

ಇದರ ಬೇರು ನಮ್ಮ ಅಭಿರುಚಿಯಲ್ಲಿದೆ. ದೇವಾಲಯದ ಅಂದ ಸಂಸ್ಕೃತಿ, ಯಂತ್ರದ ಅಂದ ಶೋಕಿ ಎಂಬ ವಿಂಗಡಣೆಯನ್ನು ಓದಿದವರೇ ಮಾಡಿಟ್ಟರು. ಹಳೇಬೀಡಿನ ನಕ್ಷತ್ರಾಕಾರದ ಜಗತಿಯ ಒಂದೊಂದು ಮೂಲೆಗೂ ಪುಟ ಮೀಸಲಿಟ್ಟ ಕನ್ನಡದಲ್ಲಿ ಮಾರುತ್‌ನ ನಡುವಿನ ಬಗ್ಗೆ ಒಂದು ಪ್ಯಾರಾ ಕಾಣುವುದೂ ಅಪರೂಪ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಆ ವಿಮಾನ ನಿಂತಿದೆ. ಶಿಲ್ಪಶಾಸ್ತ್ರ ಬಲ್ಲವರು, ಮೊಸ್ಕೇನಿಯ ಬಣ್ಣಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಕರಾವಳಿಯ ಕಲಾರಸಿಕರು ಅದರ ಮುಂದೆ ನಿಂತು, ಆ ನಡು ಏಕೆ ಅಲ್ಲೇ ಸಣ್ಣದಾಯಿತು ಎಂದು ವಿವರಿಸಿ ಬರೆಯಲಿ.